ಹೊದಿಕೆಯ ಅಡಿಯ ಮಣ್ಣಿನ ಕಿರುಜೀವಿಗಳು: ಎಂಟನೇ ತರಗತಿಯ ಒಂದು ಪಾಠದ ಅನುಭವ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಉಪಘಟಕ: ಮಣ್ಣಿನ ಹೊದಿಕೆ. ಅವಧಿ: 40 ನಿಮಿಷಗಳ 2 ಪಾಠಗಳು, ಆಮೇಲೆ ಸೇರಿಸಿಕೊಂಡದ್ದು ಇನ್ನೂ 2.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಶಾಲೆಯ ಹಿಂದೆ ಬಿಸಿಯೂಟಕ್ಕಾಗಿ ಮಾಡಿದ ಕೈತೋಟವಿದೆ. ಅದರಲ್ಲಿ ಟೊಮೆಟೊ ಹಾಕಿದ ಎರಡು ಮಡಿಗಳಿದ್ದವು. ಒಂದಕ್ಕೆ ಅಲ್ಲಿನ ವಿಜ್ಞಾನ ಶಿಕ್ಷಕರು ಐದು ವಾರಗಳ ಹಿಂದೆಯೇ ಹೊಂಗೆ ಮತ್ತು ಮಾವಿನ ತರಗೆಲೆ ಹರಡಿಸಿದ್ದರು. ಇನ್ನೊಂದು ಬರಿ ಮಣ್ಣು. ನೋಡಿದ ಕೂಡಲೇ ನನ್ನ ಪಾಠಯೋಜನೆ ಸಿದ್ಧವಾಯಿತು. ಎರಡೂ ಮಡಿಯ ಮಣ್ಣನ್ನು ತಂದು ಅದರಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿಗಳನ್ನು ಎಣಿಸುವುದು, ಎಲೆ ಹೊದಿಸಿದಲ್ಲಿ ಹೆಚ್ಚು ಎಂದು ತೋರಿಸುವುದು, ಅದರಿಂದ ಹೊದಿಕೆಯ ಮಹತ್ವ ತಿಳಿಸುವುದು. ಎಣಿಕೆಯ ಕೋಷ್ಟಕವನ್ನೂ ಕೊನೆಯ ವಾಕ್ಯವನ್ನೂ ಮೊದಲೇ ಕಪ್ಪುಹಲಗೆ ಸಾರಾಂಶದ ಅಂಕಣದಲ್ಲಿ ಬರೆದುಕೊಂಡಿದ್ದೆ. ಎಣಿಸುವ ಮೊದಲೇ ಫಲಿತಾಂಶ ಬರೆದಿಟ್ಟಿದ್ದೆ ಎಂಬುದು ಆಗ ನನಗೆ ತಪ್ಪಾಗಿ ಕಾಣಲಿಲ್ಲ. ಪಾಠಯೋಜನೆ ಎಂದರೆ ಹಾಗೆಯೇ ಎಂದುಕೊಂಡಿದ್ದೆ.

ಪಾಠದ ತಿರುಳನ್ನು ಮೊದಲು ಹೇಳಿಬಿಡುತ್ತೇನೆ. ಮಣ್ಣಿನ ಪ್ರಾಣಿ ಎಂದರೆ ನಮಗೂ ಮಕ್ಕಳಿಗೂ ಎರೆಹುಳು, ಗೆದ್ದಲು, ಇರುವೆ ನೆನಪಾಗುತ್ತವೆ. ಇವುಗಳಿಗಿಂತ ಸಣ್ಣ, ಸೂಕ್ಷ್ಮಜೀವಿಗಳಿಗಿಂತ ದೊಡ್ಡ ಒಂದು ಗುಂಪು ಮಧ್ಯದಲ್ಲಿದೆ. ಹೆಚ್ಚಿನವು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಎರಡು ಮಿಲಿಮೀಟರಿನವರೆಗಿನ ಗಾತ್ರದವು. ಅದರಲ್ಲಿ ಎರಡು ಬಗೆ ಮುಖ್ಯ. ಒಂದು, ಎಂಟು ಕಾಲಿನ ನುಸಿಗಳು. ಇನ್ನೊಂದು, ಆರು ಕಾಲಿನ ಸ್ಪ್ರಿಂಗ್‌ಟೇಲ್‌ಗಳು. ಸ್ಪ್ರಿಂಗ್‌ಟೇಲ್‌ಗೆ ಹೊಟ್ಟೆಯ ಕೆಳಗೆ ಮಡಿಸಿಟ್ಟ ಕವಲು ಕೋಲಿನಂಥ ಅಂಗವಿದೆ. ಹೆದರಿದಾಗ ಕೊಂಡಿ ಬಿಚ್ಚಿ ಅದನ್ನು ನೆಲಕ್ಕೆ ಬಡಿದು ಚಿಮ್ಮುತ್ತದೆ. ಆರು ಕಾಲಿದ್ದರೂ ಈಗಿನ ವರ್ಗೀಕರಣದಲ್ಲಿ ಅದನ್ನು ಕೀಟವೆಂದು ಎಣಿಸುವುದಿಲ್ಲ. ಒಂದು ಚದರ ಮೀಟರ್ ಒಳ್ಳೆಯ ಮಣ್ಣಿನಲ್ಲಿ ಇವೆಲ್ಲ ಸೇರಿ ಹತ್ತಾರು ಸಾವಿರ ಇರುತ್ತವೆ, ಅದೂ ಬಹುಪಾಲು ಮೇಲಿನ ಒಂದು ಗೇಣಿನೊಳಗೆ.

ಇವುಗಳಿಗೆ ಎರೆಹುಳುವಿನಂತೆ ಮಣ್ಣು ಕೊರೆಯುವ ಶಕ್ತಿಯಿಲ್ಲ. ಇರುವ ಸಂದಿಯಲ್ಲೇ ಓಡಾಡಬೇಕು. ಬರಿ ಮಣ್ಣಿನ ಮೇಲೆ ಮಳೆಹನಿ ಬಿದ್ದಾಗ ಹೆಪ್ಪುಗಟ್ಟಿ ಸಂದಿಗಳು ಮುಚ್ಚುತ್ತವೆ. ಕೆಂಪು ಮಣ್ಣಿನಲ್ಲಿ ಇದು ಎದ್ದು ಕಾಣುತ್ತದೆ. ಮಳೆ ಬಂದು ಬಿಸಿಲು ಹೊಡೆದ ಮಾರನೇ ದಿನ ನೆಲ ಹೆಂಚಿನಂತಾಗಿರುತ್ತದೆ. ಇವುಗಳ ಚರ್ಮ ತೆಳು, ಬಹುಪಾಲು ಸ್ಪ್ರಿಂಗ್‌ಟೇಲ್‌ಗಳು ಉಸಿರಾಡುವುದೇ ಚರ್ಮದ ಮೂಲಕ. ಹಾಗಾಗಿ ಬೇಗ ಒಣಗಿ ಸಾಯುತ್ತವೆ. ಇವುಗಳಲ್ಲಿ ಹೆಚ್ಚಿನವು ತಿನ್ನುವುದು ಕೊಳೆಯುವ ಎಲೆಯನ್ನು ಮತ್ತು ಅದರ ಮೇಲೆ ಬೆಳೆಯುವ ಶಿಲೀಂಧ್ರದ ಎಳೆಗಳನ್ನು. ಎಲೆಯ ಹೊದಿಕೆ ಹನಿಯ ಏಟು ತಡೆಯುತ್ತದೆ, ತೇವ ಹಿಡಿದಿಡುತ್ತದೆ, ಮಧ್ಯಾಹ್ನದ ಕಾವನ್ನು ತಗ್ಗಿಸುತ್ತದೆ, ಊಟವನ್ನೂ ಕೊಡುತ್ತದೆ. ಇಷ್ಟೆಲ್ಲ ಸೇರಿದಾಗ ಸಂಖ್ಯೆ ಹೆಚ್ಚುವುದು ಸಹಜ. ವಿಷಯ ಇದೇ, ಇದರಲ್ಲಿ ನನ್ನ ತಪ್ಪಿರಲಿಲ್ಲ.

ಉಪಕರಣದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಮುಂದೆ ಈ ಪಾಠ ಮಾಡುವ ಗೆಳೆಯರು ನನ್ನಂತೆ ಒಂದು ವಾರ ಕಳೆದುಕೊಳ್ಳುವುದು ಬೇಡ. ಇಟಲಿಯ ಅಂಟೋನಿಯೊ ಬರ್ಲೀಸ್ 1905ರಲ್ಲಿ ಮಣ್ಣನ್ನು ಆಲಿಕೆಯಲ್ಲಿಟ್ಟು ಮೇಲಿನಿಂದ ಒಣಗಿಸಿ ಪ್ರಾಣಿಗಳನ್ನು ಕೆಳಕ್ಕೆ ಬೀಳಿಸುವ ವಿಧಾನ ಕಂಡುಹಿಡಿದರು. ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ 1918ರಲ್ಲಿ ಅದಕ್ಕೆ ವಿದ್ಯುತ್ ದೀಪ ಸೇರಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಸುವುದು ಇದನ್ನೇ. ನಾವು ಮಾಡಿದ್ದು ಎರಡು ಲೀಟರಿನ ತಂಪುಪಾನೀಯದ ಬಾಟಲಿಯಿಂದ. ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ತಲೆಕೆಳಗಾಗಿ ಕೆಳಭಾಗದಲ್ಲಿ ಕೂರಿಸಿದರೆ ಆಲಿಕೆ ಆಯಿತು. ಅದರೊಳಗೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತುಂಡು. ಕೆಳಗೆ ಸಣ್ಣ ಲೋಟದಲ್ಲಿ ಸ್ವಲ್ಪ ನೀರು ಮತ್ತು ಮೆಡಿಕಲ್ ಅಂಗಡಿಯ ಸ್ಪಿರಿಟ್. ಬರೀ ನೀರಿಟ್ಟರೆ ಸ್ಪ್ರಿಂಗ್‌ಟೇಲ್‌ಗಳು ಮುಳುಗುವುದಿಲ್ಲ, ಮೈಗೆ ನೀರು ಅಂಟದ ಕಾರಣ ಮೇಲೆ ತೇಲುತ್ತ ಅಲ್ಲಿಂದಲೇ ಚಿಮ್ಮಿ ಓಡುತ್ತವೆ.

ಮಣ್ಣನ್ನು ಜಾಲರಿಯ ಮೇಲಿಡುವಾಗ ಪುಡಿ ಮಾಡಬಾರದು. ಒಂದು ಮುಷ್ಟಿ ಮಣ್ಣನ್ನು ಹೆಂಟೆಯಾಗಿಯೇ, ಮೇಲ್ಮೈ ಕೆಳಗೆ ಬರುವಂತೆ ತಿರುಗಿಸಿ ಇಡಬೇಕು. ಆಗ ಪ್ರಾಣಿಗಳು ತಮಗೆ ಗೊತ್ತಿರುವ ಸಂದಿಯಲ್ಲೇ ಇಳಿದು ಬರುತ್ತವೆ, ಲೋಟಕ್ಕೆ ದೂಳೂ ಕಡಿಮೆ ಬೀಳುತ್ತದೆ. ದೀಪವನ್ನು ಮೊದಲ ದಿನ ಎತ್ತರದಲ್ಲಿಟ್ಟು ಆಮೇಲೆ ಇಳಿಸಬೇಕು. ಅವಸರಪಟ್ಟು ಹತ್ತಿರ ಇಟ್ಟರೆ ಅವು ಇಳಿಯುವ ಮೊದಲೇ ಒಣಗಿ ಸಾಯುತ್ತವೆ.

ದೀಪದಲ್ಲೇ ನಾನು ಮೊದಲು ಸೋತದ್ದು. ಮೂರು ದಿನ ದೀಪ ಹಚ್ಚಿಟ್ಟೆ, ಲೋಟದಲ್ಲಿ ಏನೂ ಇಲ್ಲ. ಮಣ್ಣು ಮುಟ್ಟಿದರೆ ತಣ್ಣಗಿತ್ತು. ಹಾಕಿದ್ದು ಎಲ್‌ಇಡಿ ಬಲ್ಬು! ಅದು ಬೆಳಕು ಕೊಡುತ್ತದೆ, ಮಣ್ಣು ಒಣಗಿಸುವಷ್ಟು ಕಾವು ಕೊಡುವುದಿಲ್ಲ. ತಂತಿ ಇರುವ ಹಳೆಯ ಬಲ್ಬು ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಒಬ್ಬ ಹುಡುಗ, “ಮಿಸ್, ನಮ್ ಮಾವನ ಕೋಳಿ ಶೆಡ್ಡಲ್ಲಿ ಮರಿಗಳಿಗೆ ಕಾವು ಕೊಡೋಕೆ ಇಟ್ಟಿರ್ತಾರೆ, ತರ್ಲಾ?” ಎಂದ. ಶೆಡ್ಡು ಖಾಲಿಯಿದ್ದ ಸಮಯ, ಆರು ಬಲ್ಬು ಬಂದವು. ಪಠ್ಯಪುಸ್ತಕದಲ್ಲಿ ‘ದೀಪದ ಕೆಳಗಿಡಿ’ ಎಂದಿದ್ದರೆ ಯಾವ ದೀಪ ಎಂದು ನಾವು ಕೇಳಿಕೊಳ್ಳುವುದಿಲ್ಲ. ಈಗಿನ ಮಕ್ಕಳಿಗೆ ಬಲ್ಬು ಬಿಸಿಯಾಗುತ್ತದೆ ಎಂಬುದೇ ಹೊಸ ಸಂಗತಿ.

ಇನ್ನೊಂದು ಮಣ್ಣು ಬೇಕೆನಿಸಿತು. ಆ ಕಡೆ ಟೊಮೆಟೊ ಬೆಳೆಯುವವರು ಹನಿ ನೀರಾವರಿಯ ಜೊತೆ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು ಹಾಸುವುದು ಮಾಮೂಲಿ. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು. ತರಗತಿಯ ಒಬ್ಬ ಹುಡುಗನ ತಂದೆಯ ತೋಟ ಶಾಲೆಗೆ ಹತ್ತಿರವಿತ್ತು. ಅನುಮತಿ ಕೇಳಲು ಹೋದೆ. ಅವರು ಶೀಟಿನ ತೂತಿನ ಪಕ್ಕ ಮೆಲ್ಲಗೆ ಎತ್ತಿ ಮಣ್ಣು ತೆಗೆದುಕೊಟ್ಟರು. ನಾನು ಏನೋ ಉಪದೇಶ ಮಾಡುವವಳಂತೆ, ಎಲೆ ಇಲ್ಲವೇ ಹುಲ್ಲು ಹೊದಿಸಬಹುದಲ್ಲ ಎಂದೆ.

“ರಾಗಿ ಹುಲ್ಲು ಹೊಲಕ್ಕೆ ಹಾಕ್‌ಬಿಟ್ರೆ ಹಸು ಏನ್ ತಿನ್ನುತ್ತೆ ಮೇಡಂ? ಈ ಆಷಾಢದಾಗೆ ಬಣವೆ ತಳ ಕಾಣ್ತಿದೆ. ಎಲೆ ಅಂದ್ರೆ ಎರಡು ಎಕರೆಗೆ ಎಲ್ಲಿಂದ ತರೋದು? ತಂದು ಹಾಕಿದ್ರೆ ಗೆದ್ದಲು ಹಿಡಿಯುತ್ತೆ. ಶೀಟು ಹಾಕಿದ್ರೆ ಕಳೆ ಕೀಳೋ ಆಳು ಉಳೀತು, ನೀರು ಉಳೀತು.” ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಹುಳ ಎಣಿಸ್ತೀರಂತೆ. ಅವಿದ್ರೆ ನಂಗೇನು ಲಾಭ?”

ನಾನು ‘ಮಣ್ಣಿನ ಫಲವತ್ತತೆ’ ಎಂದೇನೋ ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿದ್ದರಿಂದ ಅಲ್ಲ, ಮಗನ ಟೀಚರ್ ಎಂಬ ಮರ್ಯಾದೆಗೆ. ಈ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಬಳಿ ಆಗ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ನನ್ನ ಪಾಠಯೋಜನೆಯಲ್ಲಿ ಮಾತ್ರ ‘ಪ್ಲಾಸ್ಟಿಕ್ ಹೊದಿಕೆ ಮಣ್ಣಿನ ಜೀವಿಗಳಿಗೆ ಮಾರಕ’ ಎಂಬ ವಾಕ್ಯ ಆಗಲೇ ಇತ್ತು. ಅದೇ ಹುಡುಗ ಎರಡನೇ ಬೆಂಚಿನಲ್ಲಿ ಕೂರುತ್ತಾನೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಮೊದಲ ಪಾಠದ ದಿನ ಪೀಠಿಕೆಗೆ ಒಂದು ಜೀವಂತ ಸ್ಪ್ರಿಂಗ್‌ಟೇಲ್ ಸಾಕಾಯಿತು. ಒಂದು ಆಲಿಕೆಯ ಕೆಳಗೆ ಸ್ಪಿರಿಟ್ ಬದಲು ಒದ್ದೆ ಮಾಡಿದ ಕಪ್ಪು ಬಟ್ಟೆ ಇಟ್ಟಿದ್ದೆ. ಬಿಳಿಯ ಚುಕ್ಕೆಗಳು ಕಪ್ಪಿನ ಮೇಲೆ ನಡೆಯುವುದನ್ನು ಭೂತಗನ್ನಡಿಯಲ್ಲಿ ನೋಡಿದ ಮಕ್ಕಳು ಅದಕ್ಕೆ ‘ಚಿಮ್ಮು ಹುಳ’ ಎಂದು ಹೆಸರಿಟ್ಟರು. ನಾನೂ ಆ ಹೆಸರನ್ನೇ ಇಟ್ಟುಕೊಂಡೆ. ಒಬ್ಬಳು ಕೇಳಿದಳು, “ಮಿಸ್, ಲೋಟದಲ್ಲಿ ಬಿದ್ದಿರೋವು ಸತ್ತೋದ್ವಾ?” ಹೌದು ಎಂದೆ. ಅದಕ್ಕೇ ಒಂದೊಂದೇ ಮುಷ್ಟಿ ಮಣ್ಣು ತಂದದ್ದು, ಬಟ್ಟೆಯ ಮೇಲಿನವನ್ನು ಸಂಜೆ ತೋಟಕ್ಕೆ ಬಿಡೋಣ ಎಂದೆ. ಬಿಟ್ಟೆವು ಕೂಡ.

ನುಸಿ ತೋರಿಸಿದಾಗ ಬೇರೆಯೇ ಆಯಿತು. “ನುಸಿನಾ? ಔಷಧಿ ಹೊಡೀಬೇಕು ಮಿಸ್!” ಎಂದು ಮೂರ್ನಾಲ್ಕು ದನಿಗಳು. ನನಗೆ ಆಶ್ಚರ್ಯವಾಗಬಾರದಿತ್ತು. ಟೊಮೆಟೊ ಎಲೆಯ ಕೆಳಗೆ ಬಲೆ ಕಟ್ಟಿ ರಸ ಹೀರುವ ಕೆಂಪು ನುಸಿ ಅವರಿಗೆ ಗೊತ್ತು. ತೆಂಗಿನ ನುಸಿಪೀಡೆಯ ಹೆಸರು ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದಾರೆ. ಆ ಮಕ್ಕಳ ಭಾಷೆಯಲ್ಲಿ ‘ನುಸಿ’ ಎಂದರೆ ಶತ್ರು ಎಂದೇ ಅರ್ಥ. ಮಣ್ಣಿನಲ್ಲಿ ಕೊಳೆತ ಎಲೆ, ಶಿಲೀಂಧ್ರ ತಿನ್ನುವ ನುಸಿಗಳಿವೆ, ಬೇರೆ ಸಣ್ಣ ಪ್ರಾಣಿಗಳನ್ನು ಬೇಟೆಯಾಡುವ ನುಸಿಗಳಿವೆ, ಹಸಿರೆಲೆ ತಿನ್ನುವ ನುಸಿ ಬೇರೆಯೇ ಕುಟುಂಬ ಎಂದು ವಿವರಿಸಲು ಹತ್ತು ನಿಮಿಷ ಹೋಯಿತು. ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಆದರೆ ಆ ದಿನದ ಅತ್ಯಂತ ಉಪಯುಕ್ತ ಹತ್ತು ನಿಮಿಷ ಅದೇ ಎಂದು ಈಗ ಅನಿಸುತ್ತದೆ. ಒಬ್ಬ ಹುಡುಗ ಕೊನೆಗೆ, “ಹಂಗಾದ್ರೆ ಎಲೆಗೆ ಹೊಡೆದ ಔಷಧಿ ಕೆಳಗೆ ಸೋರಿದ್ರೆ ಇವೂ ಸಾಯ್ತಾವಾ?” ಎಂದು ಕೇಳಿದ. ಕೆಲವು ಔಷಧಿಗಳಿಗೆ ಸಾಯುತ್ತವೆ ಎಂದೆ.

ಎರಡನೇ ಪಾಠ ಗುರುವಾರ. ನಮ್ಮ ವಿಜ್ಞಾನ ಬೋಧನಾ ವಿಧಾನದ ಪ್ರಾಧ್ಯಾಪಕರು ವೀಕ್ಷಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಆರು ಗುಂಪು, ಮೂರು ಬಗೆಯ ಮಣ್ಣು, ಪ್ರತಿ ಬಗೆಗೆ ಎರಡು ಗುಂಪು. ಎಣಿಕೆ ಒಂದೊಂದಾಗಿ ಹಲಗೆಯ ಮೇಲೆ ಬಂತು. ಬರಿ ಮಣ್ಣು: 9, 12. ಪ್ಲಾಸ್ಟಿಕ್ ಅಡಿಯ ಮಣ್ಣು: 14, 11. ಎಲೆ ಹೊದಿಸಿದ ಮಣ್ಣಿನ ಮೊದಲ ಗುಂಪು: 31. ನನ್ನ ಮುಖ ಅರಳಿತು. ಎರಡನೇ ಗುಂಪಿನ ನಾಯಕಿ ಎದ್ದು, “ಏಳು ಮಿಸ್” ಎಂದಳು.

ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ನಿಂತೆ. ಏಳು ಎಂದರೆ ಬರಿ ಮಣ್ಣಿಗಿಂತಲೂ ಕಡಿಮೆ. ಇನ್ನು ಉಳಿದದ್ದು ಎಂಟು ನಿಮಿಷ. “ಸಣ್ಣವನ್ನು ಬಿಟ್ಟಿರಬೇಕು, ಇನ್ನೊಂದ್ಸಲ ನೋಡಿ” ಎಂದೆ. ಅವರು ನಾಲ್ವರೂ ಲೋಟದ ಮೇಲೆ ಬಾಗಿ ನೋಡಿದರು. “ಏಳೇ ಇರೋದು ಮಿಸ್.” ನಾನು, “ಹದಿನೇಳು ಇರಬೇಕು” ಎನ್ನುತ್ತ ಹಲಗೆಯ ಮೇಲೆ 17 ಎಂದು ಬರೆದೆ. ಸರಾಸರಿ ತೆಗೆಸಿದೆ. ಎಲೆ ಹೊದಿಸಿದಲ್ಲಿ 24, ಉಳಿದ ಎರಡರಲ್ಲೂ ಅದರ ಅರ್ಧದಷ್ಟು. ಮಕ್ಕಳು ಬರೆದುಕೊಂಡರು. ಸಾರಾಂಶ ಓದಿದೆ. ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ಸರ್ ಬರೆದದ್ದು: ‘ಪ್ರಯೋಗಾಧಾರಿತ ಬೋಧನೆ ಚೆನ್ನಾಗಿದೆ. ದತ್ತಾಂಶ ಮಂಡನೆ ಸ್ಪಷ್ಟವಾಗಿದೆ.’

ಶನಿವಾರ ತಿದ್ದಲು ನೋಟ್‌ಪುಸ್ತಕಗಳು ಬಂದವು. ಎಲ್ಲರ ಕೋಷ್ಟಕದಲ್ಲೂ 17. ಆ ಹುಡುಗಿಯ ಪುಸ್ತಕದಲ್ಲಿ ಮಾತ್ರ 7, ಅದರ ಸುತ್ತ ಪೆನ್ಸಿಲ್ಲಿನ ಒಂದು ಸುತ್ತು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಸರಾಸರಿಯ ಜಾಗ ಖಾಲಿ ಬಿಟ್ಟಿದ್ದಳು. ನಾನು ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಸರಿ ಗುರುತು ಹಾಕಿದರೆ ಉಳಿದ ಮೂವತ್ತೈದು ಪುಸ್ತಕಗಳೂ ತಪ್ಪು. ತಪ್ಪು ಗುರುತು ಹಾಕಲು ಕೈ ಬರಲಿಲ್ಲ. ವಿಜ್ಞಾನದ ಪ್ರಯೋಗವೆಂದರೆ ಟೀಚರ್ ಬಯಸಿದ ಉತ್ತರ ಬರೆಯುವುದು ಎಂದು ಒಂದು ಇಡೀ ತರಗತಿಗೆ ನಾಲ್ಕು ನಿಮಿಷದಲ್ಲಿ ಕಲಿಸಿದ್ದೆ, ಮತ್ತು ಅದಕ್ಕೆ ಒಳ್ಳೆಯ ಷರಾ ಪಡೆದಿದ್ದೆ.

ಸೋಮವಾರ ಬೇರೆ ಪಾಠಕ್ಕೆಂದು ಇದ್ದ ಅವಧಿಯನ್ನು ಕೇಳಿ ತೆಗೆದುಕೊಂಡೆ. ವೀಕ್ಷಕರು ಯಾರೂ ಇರಲಿಲ್ಲ. ಹಲಗೆಯ ಮೇಲೆ ಅದೇ ಕೋಷ್ಟಕ ಬರೆದು, 17 ಅನ್ನು ಅಡ್ಡಗೀಟು ಹೊಡೆದು 7 ಬರೆದೆ. “ಈ ಗುಂಪು ಏಳು ಅಂತಲೇ ಹೇಳಿತ್ತು. ನಾನು ಹದಿನೇಳು ಅಂತ ಬರೆದೆ. ಅದು ನನ್ನ ತಪ್ಪು” ಎಂದೆ. ತರಗತಿ ಸುಮ್ಮನಿತ್ತು. ಮಕ್ಕಳು ಟೀಚರ್ ತಪ್ಪು ಒಪ್ಪಿಕೊಂಡರೆ ನಗುತ್ತಾರೆ, ಶಿಸ್ತು ಹೋಗುತ್ತದೆ ಎಂದು ಹಾಸ್ಟೆಲಿನಲ್ಲಿ ಸಹಪಾಠಿಗಳು ಎಚ್ಚರಿಸಿದ್ದರು. ಯಾರೂ ನಗಲಿಲ್ಲ. ಆ ಹುಡುಗಿ ತಲೆ ತಗ್ಗಿಸಿಕೊಂಡೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಒಬ್ಬ, “ಹಂಗಾದ್ರೆ ಏಳು ಯಾಕೆ ಬಂತು ಮಿಸ್?” ಎಂದ. ನಿಜವಾದ ಪಾಠ ಶುರುವಾದದ್ದು ಅಲ್ಲಿಂದ.

ಕಾರಣಗಳನ್ನು ಮಕ್ಕಳೇ ಹೇಳಿದರು, ನಾನು ಬರೆಯುತ್ತಾ ಹೋದೆ. ಎಣಿಸುವಾಗ ತಪ್ಪಿರಬಹುದು. ಮಣ್ಣಿನ ಚೀಲವನ್ನು ಸೈಕಲ್ ನಿಲ್ಲಿಸುವ ಕಡೆ ಬಿಸಿಲಲ್ಲಿ ಬಿಟ್ಟಿದ್ದರು, ಆಗ ಸತ್ತಿರಬಹುದು. ಬಲ್ಬು ಹತ್ತಿರ ಇತ್ತು. ಆಷಾಢದ ಗಾಳಿಗೆ ನೆಲ ಒಣಗಿ ಹುಳಗಳು ಕೆಳಗೆ ಇಳಿದಿರಬಹುದು. ಇದನ್ನು ಹೇಳಿದವನು ಓದಿನಲ್ಲಿ ಹಿಂದೆ ಎಂದು ನನಗೆ ಪರಿಚಯಿಸಲಾಗಿದ್ದ ಹುಡುಗ, ಮತ್ತು ಅವನು ಹೇಳಿದ್ದು ಸರಿ, ಒಣ ಕಾಲದಲ್ಲಿ ಈ ಪ್ರಾಣಿಗಳಲ್ಲಿ ಹಲವು ಆಳಕ್ಕೆ ಇಳಿಯುತ್ತವೆ. ಕೊನೆಗೆ ಆ ಗುಂಪಿನವರನ್ನು ಮಣ್ಣು ಎಲ್ಲಿಂದ ತೆಗೆದಿರಿ ಎಂದು ಕೇಳಿದೆ. “ಬೇಲಿ ಕಡೆ ತುದಿಯಿಂದ ಮಿಸ್.”

ಆಗ ನನಗೆ ಹೊಳೆಯಿತು. ಮಡಿಯ ಆ ತುದಿಯಲ್ಲಿ ಹಳೆಯ ಹೊದಿಕೆಯೇ ಇರಲಿಲ್ಲ. ಎಲೆ ಸಾಲದೆ ಶಿಕ್ಷಕರು ಅಷ್ಟು ಜಾಗ ಬಿಟ್ಟಿದ್ದರು. ಪಾಠಕ್ಕೆ ಚೆನ್ನಾಗಿ ಕಾಣಲಿ ಎಂದು ಹಿಂದಿನ ಶುಕ್ರವಾರ ಒಂದು ಮಂಕರಿ ಒಣ ಮಾವಿನ ಎಲೆ ತಂದು ಅಲ್ಲಿ ಹರಡಿದವಳು ನಾನೇ. ಮಣ್ಣು ತೆಗೆದಾಗ ಅದಕ್ಕೆ ಮೂರೇ ದಿನ. ಒಣ ಎಲೆಯ ಮೇಲೆ ಶಿಲೀಂಧ್ರ ಹಿಡಿಯಬೇಕು, ತೇವ ಕೂರಬೇಕು, ಆಮೇಲೆ ಪ್ರಾಣಿಗಳು ಬಂದು ಹೆಚ್ಚಬೇಕು. ಸ್ಪ್ರಿಂಗ್‌ಟೇಲ್‌ಗಳು ಕೆಲವು ವಾರಗಳಲ್ಲಿ ಹೆಚ್ಚಬಲ್ಲವು. ಗಟ್ಟಿ ಕವಚದ, ಪುಟ್ಟ ಜೀರುಂಡೆಯಂತೆ ಕಾಣುವ ಮಣ್ಣು ನುಸಿಗಳಲ್ಲಿ ಹಲವು ಜಾತಿಗಳಿಗೆ ವರ್ಷಕ್ಕೆ ಒಂದೆರಡು ತಲೆಮಾರು ಮಾತ್ರ. ಮಾವಿನ ಎಲೆಯಂತೂ ನಿಧಾನ ಕೊಳೆಯುತ್ತದೆ, ಹೊಂಗೆಯಷ್ಟು ಬೇಗ ಅಲ್ಲ. ಮೂರು ದಿನದಲ್ಲಿ ಏಳಲ್ಲದೆ ಇನ್ನೇನು ಬರಬೇಕಿತ್ತು? ಆ ಮಕ್ಕಳು ಎಣಿಸಿದ್ದು ಸರಿಯಾಗಿಯೇ ಇತ್ತು, ಅದು ನಿಜವಾಗಿ ಬರಿ ಮಣ್ಣಿನ ಲೆಕ್ಕವೇ ಆಗಿತ್ತು. ಅದನ್ನು ಅಳಿಸದೆ ಇದ್ದಿದ್ದರೆ ‘ಹೊದಿಕೆಗೆ ಕಾಲ ಬೇಕು’ ಎಂಬ ವಿಷಯವನ್ನು ಗುರುವಾರವೇ ಕಲಿಯಬಹುದಿತ್ತು.

ಇದು ಊಹೆಯಷ್ಟೇ ಎಂದು ಮಕ್ಕಳಿಗೆ ಹೇಳಿ ಪರೀಕ್ಷಿಸಿದೆವು. ಹಳೆಯ ಹೊದಿಕೆಯಿಂದ ನಾಲ್ಕು, ಹೊಸ ಹೊದಿಕೆಯಿಂದ ನಾಲ್ಕು ಮುಷ್ಟಿ ಮಣ್ಣು. ಬಲ್ಬುಗಳಲ್ಲಿ ಎರಡು ಅಷ್ಟರಲ್ಲಿ ಸುಟ್ಟುಹೋಗಿದ್ದವು. ಹಾಗಾಗಿ ನಾಲ್ಕು ನಾಲ್ಕರಂತೆ ಎರಡು ಸುತ್ತು, ಪ್ರತಿ ಸುತ್ತಿನಲ್ಲೂ ಎರಡೂ ಕಡೆಯ ಮಣ್ಣು ಇರುವಂತೆ. ಚೀಲಗಳನ್ನು ನೆರಳಲ್ಲೇ ತರಬೇಕು, ಬಲ್ಬಿನ ಎತ್ತರ ಒಂದೇ ಇರಬೇಕು, ಎಣಿಸುವವರಿಗೆ ಯಾವ ಮಣ್ಣು ಎಂದು ಗೊತ್ತಿರಬಾರದು. ಕೊನೆಯದನ್ನು ನಾನೇ ಸೇರಿಸಿದೆ. ಕಾರಣ ಮಕ್ಕಳಿಗೂ ಗೊತ್ತಿತ್ತು. ಲೋಟಗಳಿಗೆ ಅ, ಆ, ಇ, ಈ ಎಂದು ಚೀಟಿ ಅಂಟಿಸಿದೆವು.

ಹಳೆಯ ಹೊದಿಕೆಯಲ್ಲಿ ಬಂದದ್ದು 26, 19, 34, 8. ಹೊಸದರಲ್ಲಿ 10, 6, 13, 11. ಕೋಷ್ಟಕ ನೋಡಿದ ಕೂಡಲೇ ಒಬ್ಬ, “ಆ ಎಂಟನ್ನ ಬಿಟ್ಬಿಡೋಣ ಮಿಸ್, ಅದೊಂದು ಸರಿಯಾಗಿ ಬಂದಿಲ್ಲ” ಎಂದ. ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ, “ಬಂದಿರೋದು ಅದೇ ಅಲ್ವಾ, ಯಾಕೆ ಬಿಡ್ಬೇಕು?” ಎಂದಳು. ಎಂಟು ಉಳಿಯಿತು. ಅದಕ್ಕೂ ಕಾರಣವಿದೆ. ಸ್ಪ್ರಿಂಗ್‌ಟೇಲ್‌ಗಳು ನೆಲದಲ್ಲಿ ಸಮನಾಗಿ ಹರಡಿರುವುದಿಲ್ಲ. ತೇವ, ಊಟ ಇರುವಲ್ಲಿ ಗುಂಪು ಕಟ್ಟುತ್ತವೆ, ವಾಸನೆಯ ಮೂಲಕ ಒಂದನ್ನೊಂದು ಸೇರುತ್ತವೆ. ಒಂದು ಮುಷ್ಟಿ ಗುಂಪಿನ ಮೇಲೆ ಬಿದ್ದರೆ ಮೂವತ್ತು, ಗುಂಪಿನ ಪಕ್ಕ ಬಿದ್ದರೆ ಎಂಟು. ಸಂತೆಯ ದಿನ ಊರಿನ ಜನ ಎಣಿಸಲು ಒಂದೇ ಬೀದಿಯಲ್ಲಿ ನಿಂತರೆ ಏನಾಗುತ್ತದೆ ಎಂದು ಕೇಳಿದೆ, ತಕ್ಷಣ ಅರ್ಥವಾಯಿತು. ನಿಜವಾದ ಸಂಶೋಧನೆಯಲ್ಲಿ ಒಂದೇ ಹೊಲದಿಂದ ಹಲವಾರು ಮಾದರಿ ತೆಗೆಯುವುದು ಇದಕ್ಕೇ.

ಮೊದಲ ಕೋಷ್ಟಕದ ಪ್ಲಾಸ್ಟಿಕ್ ಸಾಲಿಗೂ ಬಂದೆವು. 14 ಮತ್ತು 11 ಇದ್ದ ಮಣ್ಣನ್ನು ತೋರಿಸಿ ‘ಮಾರಕ’ ಎಂದು ಹೇಗೆ ಬರೆಯಿಸಿದೆನೋ! ಬರಿ ಮಣ್ಣಿನ 9, 12ಕ್ಕಿಂತ ಅದು ಕಡಿಮೆಯೇನಲ್ಲ. ಶೀಟು ತೇವವನ್ನು ಹಿಡಿದಿಡುತ್ತದೆ, ಹನಿಯ ಏಟನ್ನೂ ತಡೆಯುತ್ತದೆ. ಅದು ಕೊಡದೆ ಇರುವುದು ಊಟ. ಜೊತೆಗೆ ಬೆಳೆ ಮುಗಿದ ಮೇಲೆ ಹರಿದ ಚೂರುಗಳು ಮಣ್ಣಿನಲ್ಲೇ ಉಳಿಯುತ್ತವೆ, ಅದು ವರ್ಷಗಳ ಲೆಕ್ಕ, ಎರಡು ಮುಷ್ಟಿ ಮಣ್ಣಿನಿಂದ ತಿಳಿಯುವುದಲ್ಲ. ಇದಕ್ಕಿಂತ ದೊಡ್ಡ ತಪ್ಪೆಂದರೆ ಆ ಮಣ್ಣು ಬೇರೆ ತೋಟದ್ದು. ಅಲ್ಲಿ ಹನಿ ನೀರು, ರಸಗೊಬ್ಬರ, ಔಷಧಿ ಎಲ್ಲ ಬೇರೆ. ಶಾಲೆಯ ಮಡಿಗೆ ಹೋಲಿಸುವುದೇ ನ್ಯಾಯವಲ್ಲ. ಅದೇ ತೋಟದಲ್ಲಿ ಶೀಟಿಲ್ಲದ ಕಡೆಯಿಂದ ತರೋಣವೇ ಎಂದೆ. ತೋಟದ ಹುಡುಗ ಯೋಚಿಸಿ, “ಶೀಟಿಲ್ದೆ ಇರೋದು ಸಾಲಿನ ಮಧ್ಯ ಮಾತ್ರ ಮಿಸ್. ಅಲ್ಲಿ ನಾವು ಓಡಾಡಿ ತುಳಿದಿರ್ತೀವಿ, ನೀರೂ ಬೀಳಲ್ಲ” ಎಂದ. ನ್ಯಾಯವಾದ ಹೋಲಿಕೆ ಎಂದರೇನು ಎಂದು ನಾನು ಇದಕ್ಕಿಂತ ಚೆನ್ನಾಗಿ ವಿವರಿಸಲಾರೆ. ‘ಮಾರಕ’ ಎಂಬ ವಾಕ್ಯವನ್ನು ಎಲ್ಲರ ಪುಸ್ತಕದಲ್ಲೂ ಹೊಡೆದುಹಾಕಿಸಿದೆ.

ಅವನ ತಂದೆಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮಗನ ಮೂಲಕವಲ್ಲ, ನಾನೇ ಹೋಗಿ ಹೇಳಿದೆ. ಈ ಪ್ರಾಣಿಗಳು ತಾವೇ ಗೊಬ್ಬರ ಮಾಡಿಬಿಡುವುದಿಲ್ಲ, ಕೊಳೆಸುವ ಮುಖ್ಯ ಕೆಲಸ ಸೂಕ್ಷ್ಮಜೀವಿಗಳದು. ಆದರೆ ಇವು ಎಲೆಯನ್ನು ಚೂರು ಮಾಡಿ ಸೂಕ್ಷ್ಮಜೀವಿಗಳಿಗೆ ಹಿಡಿಯಲು ಜಾಗ ಹೆಚ್ಚಿಸುತ್ತವೆ; ಶಿಲೀಂಧ್ರವನ್ನು ಮೇಯ್ದು ಅದರಲ್ಲಿ ಸಿಕ್ಕಿಕೊಂಡ ಸಾರಜನಕ ಮತ್ತೆ ಮಣ್ಣಿಗೆ, ಬೇರಿಗೆ ಸಿಗುವಂತೆ ಮಾಡುತ್ತವೆ. ಎಲೆ ಹಾಕದ ಹೊಲದಲ್ಲಿ ಅವುಗಳಿಗೆ ಕೆಲಸವೂ ಇಲ್ಲ, ಅವುಗಳಿಂದ ಲಾಭವೂ ಕಡಿಮೆ. ಇಷ್ಟೇ ಹೇಳಿದೆ, ಶೀಟು ತೆಗೆಯಿರಿ ಎನ್ನಲಿಲ್ಲ. ಹುಲ್ಲಿನ ಮಾತೂ ಎತ್ತಲಿಲ್ಲ. ಅವರು ಬದುವಿನ ಹೊಂಗೆ ಮರದ ಕಡೆ ನೋಡಿ, ಮುಂದಿನ ಸಲ ಮನೆ ಹಿಂದಿನ ನಾಲ್ಕು ಸಾಲಿಗೆ ಅದನ್ನ ಹಾಕಿ ನೋಡ್ಬಹುದು, ಗೆದ್ದಲು ಬಂದ್ರೆ ನಿಮ್ಮನ್ನೇ ಕರೀತೀನಿ ಎಂದರು.

ಸರ್‌ಗೆ ಹೇಳುವುದು ಇವೆಲ್ಲಕ್ಕಿಂತ ಕಷ್ಟವಾಯಿತು. ಮುಂದಿನ ವೀಕ್ಷಣೆಗೆ ಅವರು ಬಂದಾಗ ಎರಡೂ ಕೋಷ್ಟಕ ತೋರಿಸಿ ನಡೆದದ್ದು ಹೇಳಿದೆ. ಅವರು ಮೊದಲು ಕೇಳಿದ್ದು, “ಆ ಹುಡುಗಿ ಏನಂದಳು?” ಎಂದು. ಅಂಕದ ಮಾತು ಆಡಲಿಲ್ಲ. ವೀಕ್ಷಣಾ ಪುಸ್ತಕ ತೆರೆದು, ತಮ್ಮ ಷರಾದ ಕೆಳಗೆ ನಡೆದದ್ದನ್ನು ನನ್ನ ಕೈಯಲ್ಲೇ ಬರೆಯಲು ಹೇಳಿದರು, ಕೆಳಗೆ ತಾವು ರುಜು ಹಾಕಿದರು. “ಹಿಂದೆ ಕೂತು ನಾನೂ ಎರಡು ಸಲ ‘ಏಳು’ ಅಂತ ಕೇಳಿದ್ದೆ, ಬೋರ್ಡಿನ ಮೇಲೆ ಏನಿದೆ ಅಂತ ನೋಡಲಿಲ್ಲ” ಎಂದೂ ಸೇರಿಸಿದರು. ಈ ಲೇಖನ ಬರೆಯಲು ಹೇಳಿದವರೂ ಅವರೇ.

ಆ ಹುಡುಗಿಯ ಪುಸ್ತಕದಲ್ಲಿ 7ರ ಪಕ್ಕ ಸರಿ ಗುರುತು ಹಾಕಿ ಸಹಿ ಮಾಡಿದೆ. ಖಾಲಿ ಬಿಟ್ಟಿದ್ದ ಸರಾಸರಿಯ ಜಾಗದಲ್ಲಿ ಅವಳು ಆಮೇಲೆ 19 ಎಂದು ಬರೆದುಕೊಂಡಿದ್ದಾಳೆ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ಒಂದು ಹಳೇದು, ಒಂದು ಹೊಸದು’ ಎಂದಿದೆ. ಆಲಿಕೆಗಳನ್ನೂ ಉಳಿದ ನಾಲ್ಕು ಬಲ್ಬುಗಳನ್ನೂ ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ. ಕೋಳಿ ಶೆಡ್ಡಿಗೆ ಹೊಸ ಮರಿ ಬರುವವರೆಗೆ ಬೇಡವಂತೆ. ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಬೇಲಿ ಕಡೆಯ ಅದೇ ತುದಿಯ ಮಣ್ಣನ್ನು ಮತ್ತೆ ಎಣಿಸುವುದಾಗಿ ಮಕ್ಕಳು ಹೇಳಿದ್ದಾರೆ. ಅಷ್ಟು ಹೊತ್ತಿಗೆ ನಾನು ಹರಡಿದ ಆ ಒಂದು ಮಂಕರಿ ಮಾವಿನ ಎಲೆಗೆ ಎರಡು ತಿಂಗಳಾಗಿರುತ್ತದೆ.